ಸುರೇಖಾ ಭಂಡಾರ ಹಿಡಿದ ಮಳೆಗಾಲ

ಹೋದ ತಿಂಗಳು ಅಕ್ಕಲಕೋಟೆಯ ಬಸ್ಸಿನಲ್ಲಿ ಕೂತಿದ್ದೆ. ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಸೊಲ್ಲಾಪುರ ದಾಟುವ ಮೊದಲೇ ಮಳೆ ಹಿಡಿಯಿತು. ದಾರಿಯಲ್ಲಿ ಹತ್ತಿದ ಕುರಿ ಕಾಯುವ ಮುದುಕನೊಬ್ಬ ನನ್ನ ಪಕ್ಕದಲ್ಲಿ ಬಂದು ಕೂತ. ಹೆಗಲ ಮೇಲೆ ತೊಯ್ದ ಕಂಬಳಿ, ಹಣೆಯ ತುಂಬ ಅರಿಶಿನದ ಭಂಡಾರ. ಆ ಉಣ್ಣೆಯ ಕಮಟು, ಆ ಭಂಡಾರದ ಘಾಟು ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನಗೆ ಫುಟ್‌ಬಾಲ್ ನೆನಪಾಯಿತು. ಹೇಳಿದರೆ ಜನ ನಗುತ್ತಾರೆ. ಕುರುಬರ ದೇವರು ಬೀರೋಬಾನ ಭಂಡಾರಕ್ಕೂ ಫುಟ್‌ಬಾಲಿಗೂ ಎಲ್ಲಿಯ ಸಂಬಂಧ ಎಂದು ಕೇಳುತ್ತಾರೆ. ಸಂಬಂಧ ಹಚ್ಚಿದವನು ನಾನೇ. ನನ್ನ ಬದುಕಿನಲ್ಲಿ ನಾನು ಮಾಡಿದ ದೊಡ್ಡ ಹುಂಬತನ ಅದು. ಆದರೂ ಆ ಮಳೆಗಾಲವನ್ನು ನೆನೆದರೆ ಇವತ್ತಿಗೂ ಮನಸ್ಸಿಗೆ ಹಿತವೇ ಆಗುತ್ತದೆ.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ಸೊಲ್ಲಾಪುರದಲ್ಲಿ ನಮ್ಮದು ಟವೆಲ್ಲು, ಚಾದರದ ಅಂಗಡಿ, ಅಜ್ಜನ ಕಾಲದ್ದು. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಓದಲು ಕಲಿಸಿದವಳು ಅವ್ವ. ಜನ್ಮದಲ್ಲಿ ಒಮ್ಮೆಯೂ ಚೆಂಡು ಒದ್ದವನಲ್ಲ. ನನ್ನ ಹೊಟ್ಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನೋಡುವ ಹುಚ್ಚು ಎಂಥದೆಂದರೆ, ವಿಲಾಯತಿಯ ನನ್ನ ಕ್ಲಬ್ಬು ಸೋತ ಮರುದಿನ ಗಿರಾಕಿಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಈ ಹುಚ್ಚಿನಲ್ಲಿ ನನಗೆ ಇಬ್ಬರು ಜೊತೆಗಾರರು. ಒಬ್ಬರು ಗುರಪ್ಪ ಮಾಸ್ತರರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇನ್ನೊಬ್ಬ ಮೆಹಬೂಬ. ಒಂದು ಕಾಲಕ್ಕೆ ಮಿಲ್ಲಿನಲ್ಲಿ ಮಗ್ಗಗಳ ರಿಪೇರಿ ನೋಡಿಕೊಳ್ಳುವ ಜಾಬರ್ ಆಗಿದ್ದ. ಮಿಲ್ಲು ಮುಚ್ಚಿದ ಮೇಲೆ ಪವರ್‌ಲೂಮ್‌ಗಳನ್ನು ಸುತ್ತಿ ಅದೇ ಕೆಲಸ ಮಾಡುತ್ತಿದ್ದ. ರವಿವಾರ ನನ್ನ ಗೋದಾಮಿನಲ್ಲಿ ಚಾದರದ ಗಂಟುಗಳ ಮೇಲೆ ಕೂತು ಮೂವರೂ ಒಂದೇ ಮೊಬೈಲಿನಲ್ಲಿ ಮ್ಯಾಚು ನೋಡುತ್ತಿದ್ದೆವು. ನೋಡುವುದಕ್ಕಿಂತ ವಾದ ಮಾಡುವುದೇ ಹೆಚ್ಚಾಗಿರುತ್ತಿತ್ತು.

ನಮ್ಮ ಪೇಟೆಯಲ್ಲೇ ಒಂದು ಟೀಮು ಹುಟ್ಟಿದ್ದು ನಮ್ಮ ಪುಣ್ಯ. ಹುಡುಗಿಯರ ಟೀಮು. ಮುಚ್ಚಿದ ಮಿಲ್ಲಿನ ಹಿಂದಿನ ಬಯಲಿನಲ್ಲಿ ಹದಿನಾಲ್ಕು ಹುಡುಗಿಯರು ಆಡುತ್ತಿದ್ದರು. ಹೆಚ್ಚಿನವರ ಅಪ್ಪಂದಿರು ಲೂಮಿನವರು, ಅವ್ವಂದಿರು ಬೀಡಿ ಕಟ್ಟುವವರು. ಕೋಚ್ ಸುರೇಖಾ. ಚಪಳಗಾಂವದ ಕುರುಬರ ಮನೆಯ ಮಗಳು, ಇಪ್ಪತ್ತಾರರ ವಯಸ್ಸು, ಕಾಲೇಜಿನಲ್ಲಿದ್ದಾಗ ಜಿಲ್ಲೆಯ ಟೀಮಿಗೆ ಆಡಿದವಳು. ಹಗಲು ಒಂದು ಖಾಸಗಿ ಶಾಲೆಯಲ್ಲಿ ಅರೆಕಾಲಿಕ ಕೆಲಸ, ಬೆಳಿಗ್ಗೆ ಸಂಜೆ ಈ ಬಯಲು. ಅವಳ ಕೊರಳಲ್ಲಿ ಸೀಟಿ ಇರುತ್ತಿರಲಿಲ್ಲ. ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಸಿಳ್ಳು ಹಾಕಿದರೆ ಬಯಲಿನ ಆಚೆಯ ತುದಿಯ ಹುಡುಗಿ ಓಡುತ್ತಿದ್ದವಳು ಅಲ್ಲೇ ನಿಲ್ಲುತ್ತಿದ್ದಳು. ಚೆಂಡಿನ ಹಿಂದೆ ಹಿಂಡುಗಟ್ಟಿ ಓಡುವುದನ್ನು ಒಂದೇ ವರ್ಷದಲ್ಲಿ ಬಿಡಿಸಿದ್ದಳು. ನಾವು ಮೂವರು ಬೇವಿನ ಗಿಡದ ಕೆಳಗೆ ಕೂತು ಅವಳಿಗೆ ಸಲಹೆ ಕೊಡುತ್ತಿದ್ದೆವು. ಅವಳು ಎಲ್ಲವನ್ನೂ ಕೇಳಿ, ಒಂದನ್ನೂ ಪಾಲಿಸುತ್ತಿರಲಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ನನ್ನ ವಿಲಾಯತಿ ಕ್ಲಬ್ಬಿನ ಕೋಚು ಓಡಿಹೋದ. ಕರಾರು ಇನ್ನೂ ಎರಡು ವರ್ಷದ್ದಿತ್ತು. ಅದಕ್ಕಿಂತ ದೊಡ್ಡ ಕ್ಲಬ್ಬೊಂದು ಕರೆದದ್ದೇ ನೆಪ, ಹೋಗಿಯೇ ಬಿಟ್ಟ. ನನಗೆ ಎರಡು ದಿನ ಊಟ ಸೇರಲಿಲ್ಲ.

"ಗದ್ದಾರ ಅವ" ಎಂದೆ ನಾನು. "ಅಷ್ಟ ಜನಾ ಅವನ ಹೆಸರು ಹಿಡದು ಹಾಡ್ತಿದ್ರು. ನಾಚಿಕಿ ಬ್ಯಾಡೇನು?"

"ಹಾಡಿದ್ರ ಹೊಟ್ಟಿ ತುಂಬ್ತದೇನು ಚನ್ನಬಸು?" ಎಂದರು ಮಾಸ್ತರರು. "ಮುಂದಿನ ವರ್ಷ ನಾಕ ಮ್ಯಾಚ್ ಸೋತಿದ್ರ ಇದೇ ಜನಾ ಅವನ್ನ ಹೊರಗ ಹಾಕ್ರಿ ಅಂತಿದ್ರು. ಅವಾಗ ಕರಾರು ಯಾರು ನೋಡ್ತಾರ?"

ಮೆಹಬೂಬ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ. "ಮಿಲ್ಲು ಬಂದ್ ಮಾಡಿ ಹೋಗಾಗ ಮಾಲಕ ನಮ್ಮನ್ನ ಕೇಳಿ ಹೋದನೇನ್ ಸೇಟ್? ಮಾಲಕ ಹೋದ್ರ ಧಂದಾ, ನೌಕರ ಹೋದ್ರ ಗದ್ದಾರಿ. ಇದು ಯಾವ ನ್ಯಾಯ?"

ನಾನು ದನಿ ಏರಿಸಿದೆ. ವಾದ ಮೂರು ರವಿವಾರ ನಡೆಯಿತು. ಆದರೆ ಆ ವಾದದಲ್ಲೇ ನನ್ನ ತಲೆಯಲ್ಲೊಂದು ಹುಳ ಹೊಕ್ಕಿತು. ವಿಲಾಯತಿಯವನೇ ಹೋದ ಮೇಲೆ ನಮ್ಮ ಸುರೇಖಾ ನಿಲ್ಲುತ್ತಾಳೆಯೇ? ಜಿಲ್ಲೆಯ ಮಳೆಗಾಲದ ಟೂರ್ನಮೆಂಟು ಜುಲೈಯಲ್ಲಿ ಸುರುವಾಗುವುದಿತ್ತು. ಮೊದಲ ಬಾರಿಗೆ ನಮ್ಮ ಹುಡುಗಿಯರು ಗೆಲ್ಲುವ ಹಾಗೆ ಕಾಣುತ್ತಿದ್ದರು. ಅವಳನ್ನು ಹೇಗೆ ಹಿಡಿದಿಡುವುದು? ಕರಾರು ಬರೆಸಿಕೊಂಡರೆ ಅದರ ಗತಿ ಏನೆಂದು ಈಗಷ್ಟೇ ನೋಡಿದ್ದೆ. ನಾನು ವ್ಯಾಪಾರಸ್ಥ. ಕಾಗದ ಯಾರನ್ನು ಕಟ್ಟುತ್ತದೆ, ಯಾರನ್ನು ಕಟ್ಟುವುದಿಲ್ಲ ಎಂಬುದು ನನಗೆ ಗೊತ್ತು. ಬೀರೋಬಾನ ಒಕ್ಕಲು ಏನಕ್ಕೆ ಕಟ್ಟುಬೀಳುತ್ತದೆ ಎಂಬುದೂ ಗೊತ್ತು. ಆ ಜನ ಬೇಲ್‌ಭಂಡಾರ ಹಿಡಿದು ಮಾತು ಕೊಟ್ಟರೆ, ಅಂದರೆ ಅಂಗೈಯಲ್ಲಿ ಬಿಲ್ವಪತ್ರೆ ಮತ್ತು ಭಂಡಾರ ಹಿಡಿದು ದೇವರ ಮುಂದೆ ನುಡಿದರೆ, ಪ್ರಾಣ ಹೋದರೂ ಅದನ್ನು ಮುರಿಯುವುದಿಲ್ಲ.

ಟೂರ್ನಮೆಂಟಿಗೆ ಮೊದಲು ದೇವರ ದರ್ಶನ ಎಂಬ ನೆಪ ಮಾಡಿ ಎಲ್ಲರನ್ನೂ ಚಪಳಗಾಂವದ ಬೀರೋಬಾನ ಗುಡಿಗೆ ಹೊರಡಿಸಿದೆ. ಹುಡುಗಿಯರು ಬಸ್ಸಿನ ತುಂಬ ಹಾಡುತ್ತ ಬಂದರು. ಗುಡಿಯಲ್ಲಿ ಪೂಜೆ ಆಯಿತು. ನಾನು ಪೂಜಾರಿಯ ತಟ್ಟೆಯಿಂದ ಒಂದು ಚಿಟಿಕೆ ಭಂಡಾರ, ಒಂದು ಪತ್ರೆ ತೆಗೆದು ಸುರೇಖಾಳ ಅಂಗೈಯಲ್ಲಿಟ್ಟೆ.

"ಟೂರ್ನಮೆಂಟ್ ಮುಗಿಯೋತನ ಟೀಮ್ ಬಿಡಂಗಿಲ್ಲ ಅನ್ನವ್ವಾ" ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಕ್ಕು, "ಮುಗಿಯೋತನ ಬಿಡಂಗಿಲ್ಲ ಕಾಕಾ" ಎಂದಳು. ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ ಬೀರಪ್ಪ ನಗಲಿಲ್ಲ. ಹಿಂದಿರುಗುವಾಗ ಮೆಹಬೂಬ ನನ್ನ ಪಕ್ಕ ಕೂತಿದ್ದ. "ಅದು ಛಲೋ ಆಗ್ಲಿಲ್ಲ ಸೇಟ್" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದ. ನನಗೆ ಮಾತ್ರ ದೊಡ್ಡ ಕೆಲಸ ಮಾಡಿ ಮುಗಿಸಿದ ಸಮಾಧಾನ.

ಜುಲೈ, ಆಗಸ್ಟ್ ನಮ್ಮ ಕಡೆಯ ಮಳೆಗಾಲದ ಹಾಗೆಯೇ ಇದ್ದವು, ಅಂದರೆ ಮೋಡವೇ ಹೆಚ್ಚು, ಮಳೆ ಕಡಿಮೆ. ಆಟಕ್ಕೆ ಅದು ಒಳ್ಳೆಯದೇ. ಮೊದಲ ಮ್ಯಾಚು ಗೆದ್ದೆವು. ಎರಡನೆಯದು ಸಮ. ಮೂರನೆಯದರಲ್ಲಿ ಕ್ಯಾಪ್ಟನ್ ಅಂಜಲಿ ಎರಡು ಗೋಲು ಹೊಡೆದಳು. ಬೀಡಿ ಕಟ್ಟುವ ಅವಳವ್ವ ಬೀಡಿಯ ಮೊರ, ಎಲೆ, ಕತ್ತರಿ ಸಮೇತ ಬಯಲಿಗೇ ಬಂದು ಬೇವಿನ ಕೆಳಗೆ ಕೂರತೊಡಗಿದಳು. ಗೋಲಾದಾಗ ತಲೆಯೆತ್ತಿ ನೋಡಿ, "ನಮ್ಮಕಿ ಹೊಡದಳೇನ್ರಿ?" ಎಂದು ಕೇಳಿ ಮತ್ತೆ ಎಲೆ ಸುತ್ತುತ್ತಿದ್ದಳು. ಪೇಟೆಯ ಜನ ಒಬ್ಬೊಬ್ಬರಾಗಿ ಬಂದರು. ಮಾಸ್ತರರು ಕರಿಹಲಗೆ ತಂದು ಗೋಡೆಗೆ ಒರಗಿಸಿ ಪಾಯಿಂಟು ಬರೆಯತೊಡಗಿದರು. ಸೆಮಿಫೈನಲ್ ಗೆದ್ದ ದಿನ ನಾನು ಅಂಗಡಿಯಿಂದ ಹದಿನಾಲ್ಕು ಟವೆಲ್ಲು ತಂದು ಹುಡುಗಿಯರ ಹೆಗಲಿಗೆ ಹೊದಿಸಿದೆ. ಅಷ್ಟು ಸುಖವಾಗಿ ಅಂಗಡಿಯ ಮಾಲು ನಾನು ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಸೇಡು ತೀರಿಸಿಕೊಂಡಿತು. ಬಯಲು ಕೆರೆಯಾಯಿತು. ನಮ್ಮದು ಎರೆಮಣ್ಣು; ತೊಯ್ದರೆ ಹತ್ತು ಹೆಜ್ಜೆಗೆ ಬೂಟು ಕಲ್ಲಿನಷ್ಟು ಭಾರ. ಹುಡುಗಿಯರು ಕಡ್ಡಿಯಿಂದ ಮಣ್ಣು ಕೆತ್ತಿ ಕೆತ್ತಿ ಸೋತರು. ಫೈನಲ್ ಒಂದು ವಾರ ಮುಂದೆ ಹೋಯಿತು, ಮತ್ತೊಂದು ವಾರ ಹೋಯಿತು, ಕೊನೆಗೆ ಅಕ್ಟೋಬರಿನ ಒಂದು ರವಿವಾರಕ್ಕೆ ನಿಂತಿತು.

ಚೆಂಡಿನ ಚೀಲ ನನ್ನ ಗೋದಾಮಿನಲ್ಲಿರುತ್ತಿತ್ತು. ಒಂದು ದಿನ ಅದು ತೊಯ್ದು ನಾರುತ್ತಿದೆಯೆಂದು ಎಲ್ಲ ಹೊರಗೆ ಸುರುವಿ ಹರವಿದೆ. ಪಂಪು, ಬ್ಯಾಂಡೇಜು, ಹಾಜರಿ ಪುಸ್ತಕ. ಪುಸ್ತಕದೊಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ. ಓದಬಾರದಿತ್ತು, ಓದಿದೆ. ಸಾತಾರಾ ಕಡೆಯ ಒಂದು ಸರಕಾರಿ ವಸತಿ ಶಾಲೆಯಲ್ಲಿ ಸುರೇಖಾಗೆ ಕ್ರೀಡಾ ಶಿಕ್ಷಕಿಯ ನೌಕರಿ ಆಗಿತ್ತು. ಕಾಯಂ. ಅವಳು ಎಂದೋ ಬರೆದ ಪರೀಕ್ಷೆಯ ಫಲ ಅದು. ಹಾಜರಾಗಬೇಕಾದ ಕೊನೆಯ ದಿನ ಗುರುವಾರ. ನಮ್ಮ ಫೈನಲ್ ಅದರ ಮುಂದಿನ ರವಿವಾರ. ನಡುವೆ ಮೂರೇ ದಿನ. ಕಾಗದ ಬಂದು ನಾಲ್ಕು ದಿನವಾಗಿತ್ತು, ಅವಳು ನಮಗಾರಿಗೂ ಹೇಳಿರಲಿಲ್ಲ.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಕಾಗದವನ್ನು ಇದ್ದ ಹಾಗೆಯೇ ಸುತ್ತಿ, ಇದ್ದಲ್ಲೇ ಇಟ್ಟು, ಚೀಲ ಕಟ್ಟಿದೆ. ನಾಲ್ಕು ದಿನ ಸುಮ್ಮನಿದ್ದೆ. ಅವಳು ಬಯಲಿನಲ್ಲಿ ಸಿಳ್ಳು ಹಾಕುತ್ತಿದ್ದರೆ ನಾನು ಬೇವಿನ ಕೆಳಗೆ ಕೂತು, ಭಂಡಾರ ಹಿಡಿಸಿದ್ದು ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಿದ್ದೆ. ನನಗೆ ಆ ಟೂರ್ನಮೆಂಟಿನ ಕಪ್ ಬೇಕಾಗಿತ್ತು. ಅಷ್ಟೇ.

ಐದನೆಯ ದಿನ ಬೀರಪ್ಪ ಅಂಗಡಿಗೆ ಬಂದ. ಅವನು ಸೊಲ್ಲಾಪುರಕ್ಕೆ ಬರುವುದೇ ಅಪರೂಪ. ಕಂಬಳಿ ಹೊರಗೆ ಜಾಡಿಸಿ, ಒಳಗೆ ಬಂದು ತುದಿಯಲ್ಲಿ ಕೂತ. ಕೈಯಲ್ಲಿ ಹೊಸ ಹೆಸರುಕಾಳಿನ ಗಂಟು. ಚಹಾ ತರಿಸಿದೆ. ಬೈಯಲು ಬಂದಿದ್ದಾನೆಂದುಕೊಂಡೆ.

"ಫೈನಲ್ ಎಂದು ಅದ್ರಿ ಸಾವ್ಕಾರ್ರ?" ಎಂದ.

ಹೇಳಿದೆ. ಅವನು ಬೆರಳು ಮಡಿಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ. "ಹಿಂದ ತರಾಕ ಬರಂಗಿಲ್ಲೇನ್ರಿ, ನಾಕ ದಿನಾ?"

"ಮೈದಾನ ಇನ್ನೂ ಹಸಿ ಅದ ಬೀರಪ್ಪ."

"ಹೌದ್ ಬಿಡ್ರಿ." ಚಹಾ ಮುಗಿಸಿದ. "ಅಕೀಗಿ ಒಂದು ಕಾಗದ ಬಂದದ. ನಾ ಹೋಗಂತ ಹೇಳಂಗಿಲ್ಲ. ಭಂಡಾರ ಹಿಡದಾಳ. ದಿನಾ ಕೂಡ್ತಾವೇನೋ ಅಂತ ಕೇಳಾಕ ಬಂದಿದ್ದೆ, ಅಷ್ಟ."

"ಹಿಡಿದದ್ದು ಬಿಡಿಸಾಕ ಬರಂಗಿಲ್ಲೇನು?" ಎಂದೆ.

"ಬರ್ತದ್ರಿ" ಎಂದ ಬೀರಪ್ಪ ನೆಲ ನೋಡುತ್ತ. "ಹಿಡಿಸಿದವ್ರು ಬಂದು, ಅದೇ ಗುಡ್ಯಾಗ, ಮಂದಿ ಮುಂದ ತಮ್ಮ ಕೈಯಾಗ ತಿರುಗಿ ತಗೋಬೇಕು. ಯಾಕ ತಗೊಂಡ್ವಿ ಅಂತ ಹೇಳಬೇಕು." ನನಗೆ ಹೋಗೆಂದು ಅವನು ಹೇಳಲಿಲ್ಲ. ಹೆಸರುಕಾಳಿನ ಗಂಟನ್ನು ಗಾದಿಯ ಮೇಲಿಟ್ಟು ಎದ್ದು ಹೋದ.

ಅಂದು ಮಧ್ಯಾಹ್ನ ಇಬ್ಬರು ಜೊತೆಗಾರರನ್ನೂ ಕರೆಸಿ ಎಲ್ಲ ಹೇಳಿದೆ. ಗೋದಾಮಿನಲ್ಲಿ ನಡೆದ ಆ ವಾದದಲ್ಲಿ ಮೊಬೈಲು ಯಾರ ಕೈಯಲ್ಲೂ ಇರಲಿಲ್ಲ. ವಿಚಿತ್ರವೆಂದರೆ, ವಿಲಾಯತಿಯವನ ಪರವಾಗಿ ಮೂರು ವಾರ ವಾದಿಸಿದ ಮಾಸ್ತರರು ಈಗ ತಿರುಗಿಬಿದ್ದರು. "ಮೂರ ದಿನದ ಮಾತು. ಶಾಲಿಯವ್ರಿಗಿ ಕೇಳಿದ್ರ ಕೊಡ್ತಾರ. ಹುಡುಗೇರು ಇಡೀ ವರ್ಷ ದುಡದಾರ, ಈಗ ಬಿಟ್ಟು ಹೋದ್ರ ಹ್ಯಾಂಗ?" ಎಂದರು.

"ಅವತ್ತು ಕರಾರು ಯಾರು ನೋಡ್ತಾರ ಅಂದವ್ರು ನೀವೇ ಅಲ್ಲೇನ್ ಮಾಸ್ತರ್?" ಎಂದ ಮೆಹಬೂಬ.

"ಅವ ನನ್ನ ಕೋಚ್ ಆಗಿದ್ನೇನು? ಇಕಿ ನಮ್ಮಕಿ" ಎಂದರು ಮಾಸ್ತರರು. ಹೇಳಿದ ಮೇಲೆ ಅವರಿಗೇ ನಗು ಬಂತು. ಮೂವರೂ ನಕ್ಕೆವು.

ಸಂಜೆ ಬಯಲಿಗೆ ಹೋಗಿ ಸುರೇಖಾಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಒಪ್ಪಿಕೊಂಡೆ, ಕಾಗದ ಓದಿದ್ದನ್ನು ಕೂಡ. ಅವಳು ಆಗಲೇ ಫೋನು ಮಾಡಿ ಮೂರು ದಿನ ಕೇಳಿದ್ದಳಂತೆ. ಗುರುವಾರ ಬರದಿದ್ದರೆ ಯಾದಿಯಲ್ಲಿ ಮುಂದಿನ ಹೆಸರು ಕರೆಯುತ್ತೇವೆ ಎಂದಿದ್ದರಂತೆ.

"ಹಂಗಾದ್ರ ಹೋಗಂಗಿಲ್ಲೇನು?"

"ಮಾತ ಕೊಟ್ಟೀನಲ್ಲ ಕಾಕಾ." ಅವಳು ಚೆಂಡಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು. "ಬ್ಯಾರೆ ಯಾವ ದೇವ್ರ ಮುಂದ ಹಿಡಿಸಿದ್ರೂ ನಾ ಓಡಿ ಹೋಗ್ತಿದ್ದೆ. ಅದು ಗೊತ್ತಿದ್ದೇ ನೀವು ಅಲ್ಲಿಗಿ ಕರಕೊಂಡು ಹೋದ್ರಿ."

ಅವಳ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ನಾನು ತಲೆ ತಗ್ಗಿಸಿದೆ. ಆದರೂ ನೋಡಿ, ಮನುಷ್ಯನ ಆಸೆ. ಹುಡುಗಿಯರೇ ಅವಳನ್ನು ತಡೆದುಬಿಟ್ಟರೆ ನನ್ನ ಮೇಲಿನ ದೋಷ ಅರ್ಧ ಇಳಿಯುತ್ತದೆ ಎಂದುಕೊಂಡು ಅಂಜಲಿಯನ್ನು ಕರೆದು ಕೇಳಿದೆ. ಇಷ್ಟು ದಿನ ನಾವು ಮೂವರು ವಾದಿಸಿದ್ದೆವೇ ಹೊರತು ಆಡುವವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಅಂಜಲಿಗೆ ಹದಿನಾರು ವರ್ಷ. ಬೂಟಿನ ದಾರ ಕಟ್ಟುತ್ತ ಕೇಳಿಸಿಕೊಂಡಳು. "ಅಕ್ಕ ಹೋಗ್ಲಿ ಕಾಕಾ" ಎಂದಳು.

"ಫೈನಲ್ ಸೋತ್ರ?"

"ಸೋತ್ರ ಮುಂದಿನ ವರ್ಷ ಆಡ್ತೀವಿ. ಆದ್ರ ಅಕ್ಕನ ನೌಕರಿ ಹೋದ್ರ ಮುಂದಿನ ವರ್ಷ ನಮ್ಮನ್ನ ಆಡಾಕ ಬಿಡಂಗಿಲ್ಲ. ಚಡ್ಡಿ ಹಾಕ್ಕೊಂಡು ಓಡಿದ್ರ ಏನ್ ಸಿಗ್ತದ ಅಂತ ನಮ್ಮಪ್ಪ ದಿನಾ ಕೇಳ್ತಾನ. ಅಕ್ಕನ ನೌಕರಿ ಆತಂದ್ರ ತೋರಸಾಕ ನನಗೊಂದು ಹೆಸರ ಸಿಗ್ತದ."

ಮೂರು ರವಿವಾರ ಕೂತು ಮಾಡಿದ ನಮ್ಮ ವಾದದಲ್ಲಿ ಈ ಮಾತು ಒಬ್ಬರ ಬಾಯಿಂದಲೂ ಬಂದಿರಲಿಲ್ಲ. ಅವಳು ದಾರ ಕಟ್ಟಿ ಮುಗಿಸಿ ಓಡಿದಳು.

ಮರುದಿನವೇ ಚಪಳಗಾಂವಕ್ಕೆ ಹೊರಟೆವು. ಮಾಸ್ತರರು, ಮೆಹಬೂಬ, ಸುರೇಖಾ, ನಾನು. ಹೊಲಗಳಲ್ಲಿ ನೀರು ಇಂಗಿ ಕಪ್ಪು ನೆಲ ಮಿನುಗುತ್ತಿತ್ತು, ಹಿಂಗಾರಿ ಜೋಳದ ಬಿತ್ತನೆಗೆ ಜನ ಕೂರಿಗೆ ಸಜ್ಜು ಮಾಡುತ್ತಿದ್ದರು. ಗುಡಿಯ ಮುಂದೆ ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ಬೀರಪ್ಪ ಹೇಳಿದ್ದನೋ, ಹಳ್ಳಿಯೇ ತಿಳಿದುಕೊಂಡಿತ್ತೋ. ಪೂಜಾರಿ ಸುರೇಖಾಳ ಅಂಗೈಗೆ ಪತ್ರೆ, ಭಂಡಾರ ಹಾಕಿದ. ನಾನು ಅವಳ ಮುಂದೆ ಬೊಗಸೆಯೊಡ್ಡಿದೆ.

"ಯಾಕ ತಿರುಗಿ ತಗೋತೀರಿ?" ಎಂದು ಪೂಜಾರಿ ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಈ ಹುಡುಗೀಗಿ ನೌಕರಿ ಬಂದದ" ಎಂದೆ. "ನನ್ನ ಆಸಿಗಾಗಿ ನಾ ಇಕಿನ್ನ ಕಟ್ಟಿಹಾಕಿದ್ದೆ. ಇಕಿದು ತಪ್ಪಿಲ್ಲ, ತಪ್ಪು ನಂದು. ನಾ ಬಿಟ್ಟೀನಿ."

ಸುರೇಖಾ ಕೈ ಮಗುಚಿದಳು. ಭಂಡಾರ ನನ್ನ ಬೊಗಸೆಗೆ ಬಿತ್ತು. ಹಣೆಗೆ ಹಚ್ಚಿಕೊಂಡೆ. ಒಬ್ಬ ಮುದುಕಿ ನನ್ನ ಬೆನ್ನ ಮೇಲೆ ಕೈಯಾಡಿಸಿ ಹೋದಳು. ಬೀರಪ್ಪನ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಝುಣಕ, ಹಸಿಮೆಣಸಿನ ಖಾರ. ಮೊಸರಿನ ಗಡಿಗೆಯನ್ನು ಸುರೇಖಾಳ ಅವ್ವ ನನ್ನ ಮುಂದೆಯೇ ಇಟ್ಟುಬಿಟ್ಟಳು. ನಾಲ್ಕು ದಿನ ಸರಿಯಾಗಿ ಉಂಡಿರಲಿಲ್ಲ, ಆ ದಿನ ನಾಲ್ಕು ರೊಟ್ಟಿ ಉಂಡೆ. ಸುರೇಖಾ ಐದನೆಯದನ್ನು ತಾಟಿಗೆ ಹಾಕುತ್ತ, "ಹೊಟ್ಟಿ ಇಳಸ್ರಿ ಕಾಕಾ" ಎಂದಳು. ಆಗ ಅವಳ ಸಿಟ್ಟು ಹೋಗಿದೆಯೆಂದು ತಿಳಿಯಿತು.

ಅವಳು ಸಾತಾರಾಕ್ಕೆ ಹೋದಳು. ಫೈನಲ್ ದಿನ ಕೋಚಿನ ಜಾಗದಲ್ಲಿ ಮಾಸ್ತರರು ನಿಂತರು, ಅಂಜಲಿಯೇ ಆಡಿಸಿದಳು ಎನ್ನಬೇಕು. ಮೆಹಬೂಬ ಪೂರ್ತಿ ಹೊತ್ತು ಫೋನಿನಲ್ಲಿ ಸುರೇಖಾಗೆ ಆಟ ಒಪ್ಪಿಸುತ್ತಿದ್ದ. ಒಂದು ಗೋಲಿನಿಂದ ಸೋತೆವು. ಕೊನೆಯ ಹೊತ್ತಿನಲ್ಲಿ ಅಂಜಲಿ ಹೊಡೆದ ಚೆಂಡು ಗೋಲಿನ ಗೆರೆಯ ಮುಂದೆ ಕೆಸರಿನಲ್ಲಿ ಕೂತುಬಿಟ್ಟಿತು. ಹುಡುಗಿಯರು ಅತ್ತರು, ಆಮೇಲೆ ಕೆಸರಿನಲ್ಲಿ ಒಬ್ಬರನ್ನೊಬ್ಬರು ಜಗ್ಗಾಡಿ ಬೀಳಿಸಿ ನಕ್ಕರು. ನನಗೆ ಎರಡು ದಿನ ಊಟ ಸೇರಬಾರದಿತ್ತು, ಆದರೆ ಸೇರಿತು.

ಮುಂದಿನ ಜೂನಿನಲ್ಲಿ ಮೊದಲ ಮಳೆ ಬಿದ್ದ ವಾರ ಟೀಮಿಗೆ ಹೆಸರು ಬರೆದುಕೊಳ್ಳಲು ಬೇವಿನ ಕೆಳಗೆ ಕೂತಿದ್ದೆ. ಹತ್ತು ಹನ್ನೆರಡು ಹುಡುಗಿಯರು ಬಂದರೆ ದೊಡ್ಡದು ಎಂದುಕೊಂಡಿದ್ದೆ. ಬಯಲಿನ ಗೇಟಿನ ತನಕ ಸಾಲು ನಿಂತಿತ್ತು. ಮಂದ್ರೂಪದಿಂದ ಬಸ್ಸು ಹಿಡಿದು ಬಂದ ಅಕ್ಕತಂಗಿಯರೂ ಇದ್ದರು. ಸಾಲಿನಲ್ಲಿ ಲೂಮಿನ ಒಬ್ಬ ಕೆಲಸಗಾರ, ತಲೆಯ ಮೇಲೆ ಇನ್ನೂ ಹತ್ತಿಯ ಧೂಳು, ಹನ್ನೊಂದು ವರ್ಷದ ಮಗಳ ಕೈ ಗಟ್ಟಿಯಾಗಿ ಹಿಡಿದು ನಿಂತಿದ್ದ. ಅವನ ಸರದಿ ಬಂತು.

"ಕೋಚ್ ಯಾರ್ ಅದಾರ್ರಿ?" ಎಂದ.

"ಸದ್ಯ ಯಾರೂ ಇಲ್ಲಪಾ" ಎಂದೆ. "ಇದ್ದಕಿ ಬಿಟ್ಟು ಹೋದಳು."

"ಯಾಕ್ರಿ?"

"ನೌಕರಿ ಸಿಕ್ತು. ಸರಕಾರಿ, ಕಾಯಂ."

ಅವನು ಬಯಲನ್ನೊಮ್ಮೆ ನೋಡಿದ, ಮಗಳನ್ನೊಮ್ಮೆ ನೋಡಿದ. ಹಿಡಿದಿದ್ದ ಕೈ ಬಿಟ್ಟ.

"ಹಂಗಾದ್ರ ನಮ್ಮಕಿ ಹೆಸರು ಬರಕೋರಿ" ಎಂದ.